ಎಲ್ಲ ಪಾಯಿಂಟೂ ಬಿಟ್ಟುಕೊಟ್ಟ ಅಂಕಲ್

ಎದುರು ಫ್ಲ್ಯಾಟಿನ ಅಂಕಲ್‌ಗೆ ಎರಡು ಕೈಗೆ ಎರಡು ಬಣ್ಣ. ಬಲಗೈ ಕುವೈತಿನ ಬಿಸಿಲಿಗೆ ಸುಟ್ಟು ಮಸಿಯಾಗಿತ್ತು. ಎಡಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ, ಬೇರೆ ಯಾರದನ್ನೋ ತಂದು ಜೋಡಿಸಿದ ಹಾಗೆ, ಗೋಧಿ ಬಣ್ಣದ್ದು. ಗಾಲ್ಫ್ ಆಡುವವರು ಒಂದೇ ಕೈಗೆ ಗ್ಲೌಸ್ ಹಾಕುತ್ತಾರೆಂದು ತಿಳಿಯದವರು ಅದನ್ನು ಚರ್ಮರೋಗ ಎಂದುಕೊಂಡು ಮರುಗುತ್ತಿದ್ದರು. ಅಂಕಲ್ ತಿದ್ದುತ್ತಿರಲಿಲ್ಲ. "ಮುಲಾಮು ಹಚ್ತಾ ಇದ್ದೇನೆ, ಕಡಿಮೆ ಉಂಟು" ಅನ್ನುತ್ತಿದ್ದರು.

ತುಳು ಮನೆಮಾತಿನವರು, ಮುಲ್ಕಿ ಕಡೆಯವರು. ಅಲ್ಲಿನ ಮೀನಾ ಅಬ್ದುಲ್ಲಾ ಎಂಬ ಕಾರ್ಖಾನೆ ಪ್ರದೇಶದ ಗುತ್ತಿಗೆ ಕಂಪನಿಯೊಂದರಲ್ಲಿ ಸ್ಟೋರ್ ಸೂಪರ್‌ವೈಸರ್. ತನ್ನ ದೇಶಕ್ಕೆ ಮರಳಿದ ಬಿಳಿಯ ಇಂಜಿನಿಯರೊಬ್ಬ ಬಿಟ್ಟುಹೋದ ಅರ್ಧ ಸೆಟ್ಟು ಗಾಲ್ಫ್ ಕೋಲುಗಳನ್ನು ಹಿಡಿದು ತಾವೇ ಆಟ ಕಲಿತಿದ್ದರು. ನಾನು ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿ, ಯಾರು ಏನೆಂದರೂ "ಆಧಾರ ಏನು?" ಎಂದು ಕೇಳುವ ಚಟ ಹತ್ತಿಸಿಕೊಂಡು, ಅಪ್ಪ ಅಮ್ಮ ಇದ್ದ ಕುವೈತಿನ ಅಬು ಹಲೀಫಾಕ್ಕೆ ಕೆಲಸ ಹುಡುಕಿಕೊಂಡು ಬಂದವನು. ನಾನು ಬಾಯಿ ತೆರೆದರೆ ಮನೆಯಲ್ಲಿ ಟಿವಿಯ ಸದ್ದು ಜಾಸ್ತಿಯಾಗುತ್ತಿತ್ತು. ಅಂಕಲ್ ಮಾತ್ರ ಶುಕ್ರವಾರ ಬೆಳಿಗ್ಗೆ ಬಾಗಿಲು ತಟ್ಟಿ, "ಯಲ್ಲಾ, ಬನ್ನಿ ವಕೀಲರೇ, ಜಡ್ಜ್ ಇಲ್ಲದ ಕಡೆ ಹೋಗುವಾ" ಎಂದು ಕರೆಯುತ್ತಿದ್ದರು.

ಅವರು ಕರೆದೊಯ್ಯುತ್ತಿದ್ದ ಗಾಲ್ಫ್ ಮೈದಾನದಲ್ಲಿ ಹುಲ್ಲು ಎಂಬುದೇ ಇಲ್ಲ. ಮರಳು, ಕಲ್ಲು, ಮತ್ತೆ ಮರಳು. ಆದ್ದರಿಂದ ಪ್ರತಿಯೊಬ್ಬ ಆಟಗಾರನೂ ಕಾಲೊರಸಿನಷ್ಟು ಅಗಲದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯನ್ನು ಹೊತ್ತುಕೊಂಡೇ ನಡೆಯಬೇಕು. ಚೆಂಡು ಬಿದ್ದಲ್ಲಿ ಚಾಪೆ ಹಾಸಿ, ಚೆಂಡನ್ನು ಅದರ ಮೇಲಿಟ್ಟು ಹೊಡೆದು, ಚಾಪೆ ಎತ್ತಿಕೊಂಡು ಮುಂದಕ್ಕೆ. ಬಿಳಿ ಕಲ್ಲುಗಳ ಗೆರೆ ದಾಟಿದ ಚೆಂಡಿಗೆ ಮಾತ್ರ ಚಾಪೆಯ ಭಾಗ್ಯವಿಲ್ಲ, ಮರಳಿನಿಂದಲೇ ಹೊಡೆಯಬೇಕು.

"ಹುಲ್ಲಿಲ್ಲದ ಊರಿಗೆ ಹುಲ್ಲು ಹೊತ್ತು ತಂದು ಆಡುವುದರಲ್ಲಿ ಏನರ್ಥ ಅಂಕಲ್?"

"ಅರ್ಥ ಇರುವ ಕೆಲಸ ಮಾಡ್ಲಿಕ್ಕೆ ಆರು ದಿನ ಉಂಟಲ್ಲ ಮಾರಾಯ."

ವಾದಕ್ಕೆ ಇದು ಉತ್ತರವೇ ಅಲ್ಲ ಎಂದು ನಾನು ಸಾಧಿಸುತ್ತಿದ್ದೆ. ಅವರು ಒಪ್ಪಿಕೊಂಡು ಚೆಂಡು ಹೊಡೆಯುತ್ತಿದ್ದರು.

ಜನವರಿಯ ಒಂದು ಶುಕ್ರವಾರ ಅವರ ಚೆಂಡು ಬಿಳಿ ಕಲ್ಲಿನಾಚೆ ಹೋಯಿತು. ಚಾಪೆ ಹಾಕಿ, ಯಾರು ನೋಡುತ್ತಾರೆ ಎಂದೆ. ಕೇಳಲಿಲ್ಲ. ಎರಡು ಸಲ ಬೀಸಿದರು; ಮರಳು ಹಾರಿತು, ಚೆಂಡು ಕದಲಲಿಲ್ಲ. ಮೂರನೆಯ ಸಲ ಕೋಲು ಎತ್ತಿದವರು ಅದನ್ನು ಮೆಲ್ಲಗೆ ಇಳಿಸಿ, ಮರಳಿನ ಮೇಲೆ ಕೂತರು. ಜೇಬಿನಿಂದ ಮಾತ್ರೆ ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡರು. ಮಾತ್ರೆಯ ಹಾಳೆಯಲ್ಲಿ ಅರ್ಧ ಆಗಲೇ ಖಾಲಿಯಾಗಿತ್ತು.

ಮಾತ್ರೆ ಕರಗಿದ ಮೇಲೆ ಹೇಳಿದರು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಆಪರೇಷನ್ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅಷ್ಟು ಉದ್ದ ರಜೆ ಹಾಕಿದರೆ ಕಂಪನಿ ಖಲಾಸ್ ಅನ್ನುತ್ತದೆ. ಅವರ ಇಕಾಮಾ, ಅಂದರೆ ಕುವೈತಿನಲ್ಲಿರುವ ಪರವಾನಗಿ, ಹೋದರೆ ಹೆಂಡತಿ ಮಗಳದ್ದೂ ಹೋಯಿತು. ಮಗಳು ಹನ್ನೆರಡನೇ ಕ್ಲಾಸು, ಬೋರ್ಡ್ ಪರೀಕ್ಷೆ ಕಣ್ಣೆದುರಿಗಿದೆ.

"ಪರೀಕ್ಷೆ ಮುಗೀಲಿ. ಮತ್ತೆ ಊರಿಗೆ ಹೋಗಿ ಮಾಡಿಸ್ತೇನೆ."

ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅಲ್ಲೇ ತೆಗೆದೆ. ಒಂದು ವರ್ಷ ಹೋದರೆ ಮುಂದಿನ ವರ್ಷ ಬರೆಯಬಹುದು, ಅಪ್ಪ ಹೋದರೆ ಮುಂದಿನ ವರ್ಷ ಸಿಗುತ್ತಾನಾ ಎಂದೆ.

"ಸರಿ. ಆ ಪಾಯಿಂಟ್ ನಿಮ್ಮದು ವಕೀಲರೇ."

ಪರೀಕ್ಷೆಯ ನಡುವೆಯೇ ಏನಾದರೂ ಆದರೆ? ನೀವು ಕಾಪಾಡಲು ಹೊರಟದ್ದೇ ಹಾಳಾಗುವುದಿಲ್ಲವಾ?

"ಅದೂ ಸರಿ."

ಮಗಳನ್ನು ಕೇಳಿದ್ದೀರಾ? ಅವಳಿಗೆ ಹೇಳದೆ ಅವಳ ಹೆಸರಿನಲ್ಲಿ ತೀರ್ಮಾನ ಮಾಡಲು ನೀವು ಯಾರು?

"ಅದಂತೂ ನೂರಕ್ಕೆ ನೂರು ಸರಿ" ಎಂದು ಮರಳು ಕೊಡವಿ ಎದ್ದರು. "ಚೀಲ ಸ್ವಲ್ಪ ಹಿಡ್ಕೊಳ್ತೀರಾ?"

ಎಲ್ಲ ಪಾಯಿಂಟೂ ಬಿಟ್ಟುಕೊಟ್ಟು, ನಿಂತ ಕಡೆಯಿಂದ ಮಾತ್ರ ಕದಲದ ಎದುರಾಳಿಯನ್ನು ಹೇಗೆ ಎದುರಿಸಬೇಕೆಂದು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಚೀಲ ಹೊತ್ತು ಹಿಂದೆ ನಡೆದೆ.

ಮರುದಿನ ಸಂಜೆ ಅವರು ಮಗಳನ್ನು ಟ್ಯೂಷನ್‌ಗೆ ಬಿಡಲು ಹೋದಾಗ ಆಂಟಿಯ ಬಳಿ ಹೋಗಿ ಎಲ್ಲ ಹೇಳಿದೆ. ಆಂಟಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಈಗ ಗೊತ್ತಾದದ್ದಾ? ನನಗೆ ನವರಾತ್ರಿಗೇ ಗೊತ್ತುಂಟು."

"ಮತ್ತೆ ನೀವು ಸುಮ್ಮನಿದ್ದೀರಾ?"

"ಸುಮ್ಮನೆ ಎಲ್ಲಿ ಮಾರಾಯ? ಅತ್ತೆ, ಬೈದೆ, ಊಟ ಬಿಟ್ಟೆ. ಅವರೂ ಊಟ ಬಿಟ್ಟರು. ಹಾರ್ಟಿನ ಮನುಷ್ಯನನ್ನು ಉಪವಾಸ ಕೂರಿಸ್ಲಿಕ್ಕಾಗ್ತದಾ? ಮತ್ತೆ ನಾನೇ ಬಡಿಸಿದೆ." ಅವರ ಅಂಗಿಯೊಂದರ ತೋಳು ನೇರ ಮಾಡಿ ಇಟ್ಟರು. "ಮಗಳಿಗೆ ಹೇಳ್ಬೇಡ. ಅವಳು ಓದಿದ್ದೆಲ್ಲ ಮರೀತಾಳೆ."

ಆಮೇಲೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಶುಕ್ರವಾರ ಚೀಲ ಹೊರುವುದು. ಲಿಫ್ಟ್ ಕೆಟ್ಟ ದಿನ ಮೊಬೈಲ್ ನೋಡುವ ನೆಪದಲ್ಲಿ ಮೆಟ್ಟಿಲ ಮಧ್ಯೆ ನಿಲ್ಲುವುದು, ಅವರೂ ನಿಲ್ಲಲಿ ಎಂದು. ಅವರಿಗದು ಗೊತ್ತಾಗುತ್ತಿತ್ತು. "ಏನು, ತುಂಬಾ ಮೆಸೇಜು ಬರ್ತದಾ ನಿಮಗೆ?" ಎನ್ನುತ್ತ ಕಂಬಿ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದರು.

ಪರೀಕ್ಷೆ ಮುಗಿಯಿತು. ಏನೂ ಆಗಲಿಲ್ಲ. ಆ ವಾರವೇ ಮೂವರೂ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನ ಹೆಗಲು ತಟ್ಟಿ, "ನೋಡಿದಿರಾ, ಈ ಕೇಸಲ್ಲಿ ನೀವು ಸೋತಿರಿ" ಎಂದರು. ಬದುಕಿನಲ್ಲಿ ಒಂದು ಸೋಲಿಗೆ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅವರಿಗೆ ಎಚ್ಚರವಾಗಲಿಲ್ಲ. ಇನ್ನೂ ಮೊದಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಆಂಟಿಗೆ ಹೇಳಿದರಂತೆ. ಪಕ್ಕದಲ್ಲೇ ಮಗಳು ನಿಂತಿದ್ದಳಂತೆ.

ಫಲಿತಾಂಶ ಬಂದ ದಿನ ಅವಳು ಫೋನ್ ಮಾಡಿದಳು. ಒಳ್ಳೆಯ ಅಂಕ ಬಂದಿತ್ತು. ಅಭಿನಂದನೆ ಹೇಳುವ ಮೊದಲೇ ಕೇಳಿದಳು: "ಅಣ್ಣಾ, ಅಪ್ಪ ಮಾಡಿದ್ದು ಸರಿಯಾ, ತಪ್ಪಾ? ನೀವು ಡಿಬೇಟಿನವರಲ್ವಾ, ಹೇಳಿ."

ಸರಿ ಎಂದರೆ ಅವಳ ಅಂಕಪಟ್ಟಿಯನ್ನು ಅಪ್ಪನ ಜೀವದ ಎದುರು ತೂಗಿದ ಹಾಗೆ. ತಪ್ಪು ಎಂದರೆ ಅವರು ಸುಮ್ಮನೆ ಹೋದರೆಂದು ನಾನೇ ಅವಳಿಗೆ ಹೇಳಿದ ಹಾಗೆ. ಎರಡೂ ಪಕ್ಷಕ್ಕೆ ಮಾತಾಡಬಲ್ಲೆನೆಂದು ಬೀಗುತ್ತಿದ್ದವನು ನಾನು.

"ಸ್ವಲ್ಪ ಟೈಮ್ ಕೊಡು, ಹೇಳ್ತೇನೆ" ಅಂದೆ.

"ಆಯ್ತು" ಅಂದಳು. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.