ಹಳದಿ ಕಾಳಿನ ಗೀಟು

ನನ್ನದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿ. ಪಕ್ಕದ ಮಳಿಗೆಯಲ್ಲಿ ರಿಪೇರಿ ಮಾಡುವ ಹೆಂಗಸನ್ನು ಬೀದಿಯೆಲ್ಲ ಕರೆಯುವುದು ‘ಡಬಲ್ ಕನ್ನಡಕ’ ಎಂದು. ದೂರಕ್ಕೊಂದು, ಹತ್ತಿರಕ್ಕೊಂದು, ಸರ್ಕ್ಯೂಟ್ ಬೋರ್ಡು ನೋಡುವಾಗ ಎರಡನ್ನೂ ಒಂದರ ಮೇಲೊಂದು ಏರಿಸಿಕೊಳ್ಳುತ್ತಾಳೆ. ನಾನು ಅಕ್ಕ ಎನ್ನುತ್ತೇನೆ. ನನಗಿಂತ ಎರಡು ವರ್ಷ ಚಿಕ್ಕವಳು ನಿಜ. ಆದರೆ ಗಿರಾಕಿಗಳನ್ನು ನನ್ನಲ್ಲಿಗೆ ಕಳಿಸುವವಳನ್ನು ತಂಗಿ ಎನ್ನುವಷ್ಟು ದಡ್ಡ ನಾನಲ್ಲ.

ಹದಿನಾಲ್ಕು ವರ್ಷ ಟೀವಿ ಫ್ಯಾಕ್ಟರಿಯಲ್ಲಿ ಆಕೆ ಮಾಡಿದ್ದು ಒಂದೇ ಕೆಲಸ: ಮುಂದೆ ಬಂದ ಬೋರ್ಡಿಗೊಂದು ನೀಲಿ ಕೆಪಾಸಿಟರ್ ಕೂರಿಸುವುದು, ಅದರ ಮೈಮೇಲಿನ ಗೀಟು ಮೈನಸ್ ಕಡೆಗಿರುವಂತೆ. ಫ್ಯಾಕ್ಟರಿ ಮುಚ್ಚಿತು, ಕೈ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. “ನನ್ನ ಕೈ ನಮ್ಮನೆಯವರ ಥರ, ಹೇಳಿದ್ದು ಕೇಳಲ್ಲ” ಎನ್ನುತ್ತಾಳೆ. ಅದಕ್ಕೇ ಒಂದು ಪದ್ಧತಿ. ಕರೆಂಟ್ ಕೊಡುವ ಮುಂಚೆ ಬೇರೆ ಯಾರಾದರೂ ಬೋರ್ಡು ನೋಡಿ, ಕಂಡದ್ದನ್ನು ಗಟ್ಟಿಯಾಗಿ ಓದಬೇಕು. ಬೇರೆ ಯಾರಾದರೂ ಅಂದರೆ ನಾನೇ.

ಒಂದು ಮಧ್ಯಾಹ್ನ ಕೋಳಿಮರಿ ಮಾರುವ ಹೆಂಗಸು ಬೋರ್ಡೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದಳು.

“ಅಕ್ಕಾ, ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ ಸತ್ತೋಯ್ತು. ಒಳಗೆ ಆರುನೂರು ಮೊಟ್ಟೆ. ಹತ್ತೊಂಬತ್ತು ದಿನ ಆಗಿದೆ, ಇನ್ನೆರಡು ದಿನಕ್ಕೆ ಮರಿ ಬರ್ಬೇಕಿತ್ತು!”

ಮನೆಯ ಕಂಬಳಿಗಳನ್ನೆಲ್ಲ ಪೆಟ್ಟಿಗೆಗೆ ಹೊದಿಸಿ ಬಂದಿದ್ದಳಂತೆ, ಅತ್ತೆ ಹೊದ್ದಿದ್ದನ್ನೂ ಸೇರಿಸಿ. ಅತ್ತೆ ಥರ್ಮಾಮೀಟರ್ ನೋಡುತ್ತ ಅಲ್ಲೇ ಕೂತಿದ್ದರು. ಅವರದೇ ಫೋನ್ ಬಂತು.

“ಮೂವತ್ತಕ್ಕೆ ಇಳೀತು ಕಣೇ!”

“ಎಷ್ಟರವರೆಗೆ ತಡೆಯುತ್ತೆ?” ಎಂದೆ.

“ಇಪ್ಪತ್ತೈದಕ್ಕೆ ಬಂದ್ರೆ ನಾನು ಬಾಗಿಲು ತೆಗೆದು ನೋಡೋದೂ ಇಲ್ಲ.”

ಅಕ್ಕ ಮೀಟರಿನ ಮೊನೆಗಳನ್ನು ಬೋರ್ಡಿನ ಮೇಲೆ ಆಡಿಸುತ್ತ ಹೋದಳು. ಅಕ್ಕಿಕಾಳಿನಷ್ಟಿದ್ದ ಹಳದಿ ಕೆಪಾಸಿಟರ್ ಮೇಲೆ ಮೀಟರ್ ಕುಂಯ್ ಎಂದಿತು. “ಶಾರ್ಟ್ ಆಗಿದೆ. ಸಾಹುಕಾರ್ರೇ, ಇದು ಇದೆಯಾ?”

ಡ್ರಾಯರುಗಳನ್ನೆಲ್ಲ ಜಾಲಾಡಿದೆ. “ಒಂದೇ ಒಂದಿದೆ.”

“ನೀವು ಹಾಗಂದಾಗೆಲ್ಲ ಹಿಂದಿನಿಂದ ಒಂದು ಡಬ್ಬಿ ಬರುತ್ತೆ.”

“ಈ ಸಲ ನಿಜ ಅಕ್ಕ.” ಅಪರೂಪಕ್ಕೆ ನಿಜ ಹೇಳಿದ್ದೆ, ನಂಬುವವರೇ ಇಲ್ಲ.

ಸುಟ್ಟದ್ದನ್ನು ಕಿತ್ತು, ಹೊಸದನ್ನು ಚಿಮಟದಲ್ಲಿ ಹಿಡಿದು ಬೆಸುಗೆ ಹಾಕಿದಳು. ಫೋನ್ ಮತ್ತೆ: “ಇಪ್ಪತ್ತೆಂಟು!”

“ಓದಿ.”

ಭೂತಗನ್ನಡಿ ಹಿಡಿದೆ. “ಬೋರ್ಡಿನ ಪ್ಲಸ್ ಗುರುತು ಬಲಕ್ಕಿದೆ. ಕಾಳಿನ ಗೀಟು ಎಡಕ್ಕಿದೆ.”

“ಸರಿ, ಗೀಟು ಮೈನಸ್ ಕಡೆ” ಎಂದು ಸ್ವಿಚ್ಚಿಗೆ ಕೈಯೊಡ್ಡಿದವಳು ಹಾಗೇ ನಿಂತಳು.

“ಇದು ಹಳದಿದು. ನೀಲಿದಕ್ಕೆ ಗೀಟು ಮೈನಸ್. ಹಳದಿದಕ್ಕೆ ಗೀಟೇ ಪ್ಲಸ್! ಉಲ್ಟಾ ಕೂರಿಸಿದೀನಿ.”

ಇಪ್ಪತ್ತು ವರ್ಷದಿಂದ ಮಾರುತ್ತಿದ್ದರೂ ನನಗದು ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದೆ.

“ಕರೆಂಟ್ ಕೊಟ್ಟಿದ್ರೆ?” ಕೋಳಿಮರಿಯ ಹೆಂಗಸು ಕೇಳಿದಳು.

“ಪಟ್ ಅಂತಿತ್ತು. ಇರೋದೂ ಒಂದೇ.”

ಈಗ ಅದನ್ನೇ ಬಿಡಿಸಿ ತಿರುಗಿಸಬೇಕು. ಕಾವು ಹೆಚ್ಚಾದರೆ ಕಾಳು ಕೆಡುತ್ತದೆ, ಕಮ್ಮಿಯಾದರೆ ಎಳೆದ ರಭಸಕ್ಕೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. ಅಕ್ಕ ಎರಡೂ ಕನ್ನಡಕ ಏರಿಸಿಕೊಂಡು ಬೋರ್ಡಿನ ಮೇಲೆ ಬಾಗಿದಳು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಬೇಡಿ ಎಂದಳು. ಈ ತುದಿಗೊಮ್ಮೆ, ಆ ತುದಿಗೊಮ್ಮೆ ಐರನ್ ತಾಗಿಸಿದಳು. ಕಾಳು ಜಾರಿತು. ತಾಮ್ರ ಉಳಿದಿತ್ತು. ತಿರುಗಿಸಿ ಕೂರಿಸಿ, ಮತ್ತೆ ಓದಿಸಿದಳು. “ಪ್ಲಸ್ ಬಲಕ್ಕೆ. ಗೀಟೂ ಬಲಕ್ಕೆ.” ಇನ್ನೊಂದು ಸಲ ಓದಿಸಿದಳು.

ಆಮೇಲೆ ಬೋರ್ಡಿಗೆ ಕರೆಂಟ್ ಹೋಗುವ ದಾರಿಯಲ್ಲೊಂದು ಬಲ್ಬ್ ಸೇರಿಸಿ ಸ್ವಿಚ್ ಒತ್ತಿದಳು. ಶಾರ್ಟ್ ಇದ್ದರೆ ಅದು ಪೂರ್ತಿ ಉರಿಯುತ್ತಲೇ ಇರುತ್ತದೆ. ಬಲ್ಬ್ ಝಗ್ಗೆಂದಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಮಂಕಾಗಿತ್ತು. ಬೋರ್ಡಿನ ಮೇಲೆ ಕೆಂಪು ಅಂಕಿ ಹೊಳೆಯುತ್ತಿತ್ತು.

ನನ್ನ ಸ್ಕೂಟರಿನಲ್ಲಿ ಮೂವರೂ ಹೋದೆವು. ಅತ್ತೆಯ ಥರ್ಮಾಮೀಟರ್ ಇಪ್ಪತ್ತಾರರಲ್ಲಿತ್ತು.

ಮೂರನೇ ದಿನ ಮರಿಗಳು ಬಂದವು, ಕೆಳಗಿನ ತಟ್ಟೆಯ ನಲವತ್ತೆರಡನ್ನು ಬಿಟ್ಟು. ಸುದ್ದಿ ತಂದವಳು ನಗುತ್ತಲೇ ಇದ್ದಳು. ಅಕ್ಕ ಕೇಳಿದ್ದು ಆ ನಲವತ್ತೆರಡನ್ನೇ.

“ತಿರುಗಿಸೋಕೆ ಹೋದ ಆ ಹತ್ತು ನಿಮಿಷದಿಂದ ಹೋದ್ವಾ?”

“ಅಯ್ಯೋ, ಇಲ್ಲಕ್ಕಾ! ಅವು ಬಾಗಿಲ ಸಂದಿ ಹತ್ರ ಇದ್ವು. ಯಾವಾಗ್ಲೂ ಅಷ್ಟು ಹೋಗ್ತವೆ.”

ಅಕ್ಕ ನನ್ನತ್ತ ನೋಡಿದಳು, ನಂಬಬಹುದೇ ಎನ್ನುವಂತೆ. ವ್ಯಾಪಾರದವನನ್ನು ಕೇಳುವ ಪ್ರಶ್ನೆಯೇ ಅದು? ಹೌದಕ್ಕ, ಅಷ್ಟು ಹೋಗ್ತವೆ, ಎಂದೆ.