ಏಳನೇ ಟ್ರ್ಯಾಪಿನ ಮೈನಾ

ವಿಶ್ವಕಪ್ ಮುಗಿದ ಮರುವರ್ಷ ನಾನು ದೋಹಾದ ಒಂದು ಸಣ್ಣ ಕಂಪನಿಯಲ್ಲಿ ಫೀಲ್ಡ್ ಮ್ಯಾನೇಜರ್ ಆಗಿದ್ದೆ. ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚು ಜನ ಹೋಗದ ಅಭಯಾರಣ್ಯಗಳಿಗೆ ಫೋಟೋಗ್ರಾಫರ್‌ಗಳ ತಂಡಗಳನ್ನು ಕರೆದೊಯ್ಯುವುದು ನಮ್ಮ ಕೆಲಸ. ಸೆನೆಗಲ್‌ನ ಆಗ್ನೇಯ ಮೂಲೆ, ಬೆನಿನ್‌ನ ಉತ್ತರ ಗಡಿ, ಇಂಥ ಕಡೆ. ಮೈಸೂರಿಗೆ ಹೋದಾಗ ನಂಟರು ಕೇಳುತ್ತಾರೆ, "ಕತಾರ್‌ನಲ್ಲಿ ಏನ್ ಕಾಡಿದೆಯಮ್ಮಾ?" ಕಾಡಿಲ್ಲ. ಕಾಡಿಗೆ ಹೋಗುವ ಸಾಮಾನಿದೆ.

ಆ ಸಾಮಾನೆಲ್ಲ ಒಂದು ಕಂಟೇನರ್‌ನಲ್ಲಿರುತ್ತಿತ್ತು. ಟೆಂಟ್, ಹಕ್ಕಿಗಳಿಗೆ ಕಾಣದಂತೆ ಕೂರುವ ಮರೆಗೂಡುಗಳು, ಎಲೆಬಣ್ಣದ ಬಲೆ, ಲೆನ್ಸ್, ಕ್ಯಾಮೆರಾ ಟ್ರ್ಯಾಪ್. ಸೀಸನ್‌ನಲ್ಲಿ ಕಂಟೇನರ್ ಹಡಗಿನಲ್ಲಿ ಹೋಗುತ್ತದೆ, ಬೇಸಿಗೆಗೆ ಮೊದಲು ವಾಪಸ್ ಬಂದು ಇಂಡಸ್ಟ್ರಿಯಲ್ ಏರಿಯಾದ ನಮ್ಮ ಯಾರ್ಡಿನಲ್ಲಿ ನಿಲ್ಲುತ್ತದೆ. ದೋಹಾದ ಬೇಸಿಗೆಯಲ್ಲಿ ಲೆನ್ಸ್‌ಗಳು ಹಾಳಾಗಬಾರದೆಂದು ಅದರ ಗೋಡೆ ಕೊರೆದು ಒಂದು ಎಸಿ ಕೂರಿಸಿದ್ದೆವು. ಜುಲೈ, ಆಗಸ್ಟ್ ಎರಡೂ ತಿಂಗಳು ಎಲ್ಲರೂ ಊರಿಗೆ ಹೋಗುತ್ತೇವೆ. ಎಸಿ ಓಡುತ್ತಲೇ ಇರುತ್ತದೆ. ಬಾಗಿಲಿಗೆ ಚಿಲಕ ಮಾತ್ರ. ಯಾರ್ಡಿಗೆ ಗೋಡೆಯಿದೆ, ಮರೆಗೂಡನ್ನು ಯಾರು ಕದಿಯುತ್ತಾರೆ ಎಂದುಕೊಂಡಿದ್ದೆವು.

ಕ್ಯಾಮೆರಾ ಟ್ರ್ಯಾಪ್ ಎಂದರೆ ಮರಕ್ಕೆ ಕಟ್ಟಿ ಬರುವ ಡಬ್ಬಿ. ಎದುರಿಗೆ ಬಿಸಿಯಾದದ್ದೇನಾದರೂ ಚಲಿಸಿದರೆ ಸೆನ್ಸರ್ ಎಚ್ಚೆತ್ತು ಫೋಟೋ ತೆಗೆಯುತ್ತದೆ. ಕತ್ತಲಲ್ಲಿ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಹತ್ತಿರದಿಂದ ನೋಡಿದರೆ ಕೆಂಪಗೆ ಮಿಣುಕುವುದು ಕಾಣುತ್ತದೆ. ಬ್ಯಾಟರಿ ಬದಲಿಸಿ ತಾರೀಖು ಹಾಕುವುದನ್ನು ಮರೆತರೆ ಅದರ ಗಡಿಯಾರ ಕಾರ್ಖಾನೆಯ ಮೊದಲ ದಿನಕ್ಕೆ ಹೋಗಿ ಕೂರುತ್ತದೆ. ಆಮೇಲಿನ ಪ್ರತಿ ಫೋಟೋ ಅಚ್ಚುಕಟ್ಟಾಗಿ ಸುಳ್ಳು ತಾರೀಖು ಹೇಳುತ್ತದೆ.

ಆ ಸೆಪ್ಟೆಂಬರ್‌ನಲ್ಲಿ ಕಂಟೇನರ್ ಮತ್ತೆ ಹೊರಟಿತು. ಎರಡು ದಿನ ಮೊದಲೇ ಎಸಿ ಕಳಚಿ ಗೋಡೆಯ ತೂತು ಮುಚ್ಚಿದ್ದರು. ನನ್ನ ಸಹೋದ್ಯೋಗಿ ವಿಲ್ಸನ್, ಉಡುಪಿ ಕಡೆಯವನು, ಹಿಂದಿನ ಸಂಜೆಯೇ ಟ್ರ್ಯಾಪ್‌ಗಳ ಹಳೆಯ ಕಾರ್ಡ್ ತೆಗೆದು ಹೊಸದು ಹಾಕಿ, ಬೆಳಿಗ್ಗೆ ಬಾಗಿಲು ಮುಚ್ಚಿ ಚಿಲಕಕ್ಕೆ ಲೋಹದ ಸೀಲ್ ಒತ್ತಿ, ಲಾರಿ ಹತ್ತಿಸಿ ಅಲ್ ಥುಮಾಮಾದ ಆಫೀಸಿಗೆ ಬಂದ. ಕಾರ್ಡ್‌ಗಳನ್ನು ತೆರೆದು ಕೂತ.

"ಮೇಡಂ, ಇಲ್ಲಿ ಬನ್ನಿ ಮಾರಾಯ್ರೆ. ಏಳನೇ ಟ್ರ್ಯಾಪ್ ಆಫ್ ಮಾಡ್ಲೇ ಇಲ್ಲ ಯಾರೂ."

ಮೊದಲು ನೀರಿನ ಹೊಂಡ. ಗಿನಿ ಕೋಳಿಗಳು. ನೆಲದ ಮಂಗಟ್ಟೆಯ ಜೋಡಿ, ಗಂಡಿನ ಕೆಂಪು ಗಂಟಲು. ಆಮೇಲೆ ಒಮ್ಮೆಲೇ ಕಪ್ಪು. ಕಂಟೇನರ್‌ನ ಒಳಗು. ಟ್ರ್ಯಾಪನ್ನು ಅಲ್ಲಿಯೇ ಕೊನೆಯ ಶೆಲ್ಫಿಗೆ, ಬಾಗಿಲಿಗೆ ಮುಖ ಮಾಡಿ ಕಟ್ಟಿಬಿಟ್ಟಿದ್ದರು. ಸಾಮಾನಿನ ನಡುವಿನ ಓಣಿ ನೇರವಾಗಿ ಕಾಣುತ್ತಿತ್ತು. ಓಣಿಯಲ್ಲಿ ಒಬ್ಬ ಮನುಷ್ಯ ಕೂತಿದ್ದ.

ಇನ್‌ಫ್ರಾರೆಡ್‌ನಲ್ಲಿ ಕಣ್ಣು ಬೆಳ್ಳಗೆ ಹೊಳೆಯುತ್ತದೆ, ಜಿಂಕೆಯದ್ದೂ, ಮನುಷ್ಯನದ್ದೂ. ಮೈಮೇಲೆ ಕವರಾಲ್, ಕೆಲಸಗಾರರು ತೊಡುವ ಅಂಗಿ ಪ್ಯಾಂಟು ಒಂದೇ ಆದ ಉಡುಪು. ಮುಂದಿನ ಫ್ರೇಮಿನಲ್ಲಿ ಮಲಗಿದ್ದಾನೆ. ಅದರ ಮುಂದಿನದರಲ್ಲಿ ಲೆನ್ಸಿಗೆ ಎಷ್ಟು ಹತ್ತಿರವೆಂದರೆ ಅರ್ಧ ಮುಖ ಮಾತ್ರ. ಒಂದರಲ್ಲಿ ಮನುಷ್ಯನೇ ಇಲ್ಲ. ಎಲೆಬಣ್ಣದ ಬಲೆ ಮಾತ್ರ ಕೂತ ಮೈಯ ಆಕಾರದಲ್ಲಿ ಎದ್ದು ನಿಂತಿದೆ, ಅದರ ತೂತುಗಳಲ್ಲಿ ಎರಡು ಬಿಳಿ ಚುಕ್ಕೆ. ಎಚ್ಚರವಿದ್ದಾಗಲೆಲ್ಲ ಅವನು ನೇರ ಕ್ಯಾಮೆರಾವನ್ನೇ ನೋಡುತ್ತಿದ್ದ. ಕೆಂಪು ಮಿಣುಕು ಕಂಡಿರಬೇಕು. ಅಡಗಿ ಕೂತು ನೋಡುವುದು ನಮ್ಮ ವೃತ್ತಿ. ನಮ್ಮದೇ ಮರೆಗೂಡಿನ ಬಲೆಯೊಳಗಿಂದ ಒಬ್ಬ ನಮ್ಮನ್ನು ನೋಡುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಸ್ಟೋಅವೇ," ಎಂದ ವಿಲ್ಸನ್, ಶಿಲುಬೆಯ ಗುರುತು ಮಾಡಿಕೊಂಡು. "ಆಫ್ರಿಕಾದಲ್ಲೇ ಕದ್ದು ಹಡಗು ಹತ್ತಿದ್ದು. ದಾರಿಯಲ್ಲಿ ಯಾವುದೋ ಪೋರ್ಟಿನಲ್ಲಿ ಇಳಿದು ಹೋಗಿದ್ದಾನೆ. ಇಲ್ಲಿ ಬಂದಾಗ ನಾವೇ ಬಾಗಿಲು ತೆಗೆದದ್ದು, ಯಾರೂ ಇರ್ಲಿಲ್ಲ ಅಲ್ವಾ? ಖಲಾಸ್."

ತಾರೀಖು ನೋಡಿ ಪ್ರಯೋಜನವಿರಲಿಲ್ಲ. ಗಡಿಯಾರ ಹಳೆಯ ಯಾವುದೋ ಜನವರಿಯಲ್ಲಿತ್ತು. ಆದರೆ ಫೈಲ್ ನಂಬರ್‌ಗಳು ಒಂದರ ಹಿಂದೊಂದು ಬರುತ್ತವೆ. ನಡುನಡುವೆ ಕೆಲವು ಇರಲಿಲ್ಲ.

"ಇಲ್ಲದಿರೋದು ಎಲ್ಲಿ ವಿಲ್ಸನ್?"

"ಕಸಕ್ಕೆ ಹಾಕಿದೆ. ನಿಮ್ಮದೇ ರೂಲ್ ಅಲ್ವಾ ಮೇಡಂ?"

ನಿಜ, ನಮ್ಮಲ್ಲಿ ಹಾಗೊಂದು ಅಭ್ಯಾಸ. ಕಾರ್ಡ್ ತೆರೆದ ಕೂಡಲೇ ಚಿಕ್ಕ ಚಿತ್ರಗಳಲ್ಲೇ ನೋಡಿ ನಮ್ಮ ಮುಖ, ನಮ್ಮ ಬೆನ್ನು, ಪಾರಿವಾಳ, ಗುಬ್ಬಿ, ಮೈನಾ ಎಲ್ಲ ತೆಗೆದು ಕಸದ ಫೋಲ್ಡರಿಗೆ. ಬೇಡದ್ದು ಎಂದು ಕೈಗೇ ಗೊತ್ತಿರುತ್ತದೆ, ಕಣ್ಣು ನೋಡಿರುವುದಿಲ್ಲ. ಫೋಲ್ಡರ್ ತೆರೆದೆವು. ಅವನು ಮಲಗಿದ ಒಂದು ಫ್ರೇಮಿಗೂ ಎದ್ದ ಫ್ರೇಮಿಗೂ ನಡುವಿನ ನಂಬರಿನಲ್ಲಿ, ಓಣಿಯ ನೆಲದ ಮೇಲೆ ಚೆಲ್ಲಿದ ಅನ್ನ ಹೆಕ್ಕುತ್ತಾ ಒಂದು ಮೈನಾ.

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಮೊದಲು ಅರ್ಥವಾದದ್ದು ನನಗೆ. ಇನ್ನೊಂದರಲ್ಲಿ ವಿಲ್ಸನ್ ಮೌಸ್‌ನಿಂದ ಕೈ ತೆಗೆದ, ಅವನ ಮುಖ ನೋಡಿ ನನಗೆ ಅರ್ಥವಾಯಿತು. ಎರಡರಲ್ಲೂ ಮೈನಾ ಮಾತ್ರ ಒಂದೇ. ನಾವು ಹೋದ ಆ ಕಾಡುಗಳಲ್ಲಿ ಮೈನಾ ಇಲ್ಲ. ಹಡಗಿನಲ್ಲಿ ಮುಚ್ಚಿದ ಕಂಟೇನರ್‌ಗೆ ಮೈನಾ ಬರುವುದಿಲ್ಲ. ದೋಹಾದಲ್ಲಿ ಕಸದ ತೊಟ್ಟಿಗೊಂದು ಮೈನಾ.

ಅವನು ಇಲ್ಲಿಯವನು. ನಾವು ಊರಿನಲ್ಲಿದ್ದಾಗ ನಮ್ಮ ಲೆನ್ಸ್‌ಗಳ ತಂಪಿನಲ್ಲಿ ಮಲಗುತ್ತಿದ್ದ.

"ಆದ್ರೂ ಕೊನೆಗೆ ಹೋಗಿದ್ದಾನಲ್ಲ ಮೇಡಂ? ಎಸಿ ಕಳಚೋವ್ರ ಫೋಟೋ ಆದ್ಮೇಲೆ ಒಂದು ಫೋಟೋನೂ ಇಲ್ಲ ನೋಡಿ."

"ಎಸಿ ತೆಗೆದ ಮೇಲೆ ಒಳಗೆ ಎಷ್ಟು ಬಿಸಿ ಇರುತ್ತೆ ವಿಲ್ಸನ್?"

ಸೆನ್ಸರ್ ನೋಡುವುದು ಮನುಷ್ಯನನ್ನಲ್ಲ. ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು. ಕಬ್ಬಿಣದ ಗೂಡು ಕಾದು ಮೈಯಷ್ಟೇ ಬಿಸಿಯಾದರೆ, ಎದುರಿಗೆ ನಿಂತು ಕೈ ಬೀಸಿದರೂ ಅದರ ಮಟ್ಟಿಗೆ ಅಲ್ಲಿ ಯಾರೂ ಇಲ್ಲ. ಫೋಟೋ ಇಲ್ಲದ್ದರಿಂದ ಅವನು ಹೋದನೆಂದು ಹೇಳುವಂತಿರಲಿಲ್ಲ.

"ಸೀಲ್ ಹಾಕೋವಾಗ ಕೊನೆವರೆಗೂ ಹೋಗಿ ನೋಡಿದ್ರಾ?"

"ಬಾಗಿಲಿಂದ ನೋಡಿದೆ," ಎಂದ ವಿಲ್ಸನ್. "ಕೂಗಿದೆ ಕೂಡ. ಕೂಗಿದ್ದೆನಾ?"

ಲಾರಿ ಆಗಲೇ ಹಮದ್ ಬಂದರಿನ ದಾರಿಯಲ್ಲಿತ್ತು. ಡ್ರೈವರ್ ಗುಲ್ ಖಾನ್‌ಗೆ ಫೋನ್ ಮಾಡಿ ಗೇಟಿಗೆ ಮೊದಲೇ ನಿಲ್ಲಿಸಲು ಹೇಳಿದೆ. ಆಮೇಲೆ ನಮ್ಮ ಯಜಮಾನರು ಶೆಣೈ ಸರ್‌ಗೆ. ಸೀಲ್ ಒಡೆದರೆ ಕಾಗದಪತ್ರವೆಲ್ಲ ಮತ್ತೆ ಮಾಡಿಸಬೇಕು, ಆ ಹಡಗು ತಪ್ಪುತ್ತದೆ, ಸೀಸನ್‌ನ ಮೊದಲ ತಂಡ ಕಾಡಿನಲ್ಲಿ ಬರಿಗೈಲಿ ನಿಲ್ಲುತ್ತದೆ.

"ಒಂದು ಮೈನಾ ನೋಡಿ ಹಡಗು ಬಿಡ್ತೀರಾ?" ಎಂದರು.

"ಹೌದು ಸರ್."

"ಒಡೀರಿ."

ಮಧ್ಯಾಹ್ನ. ಬಂದರಿನ ಹೊರಗೆ ಲಾರಿಗಳ ಸಾಲು, ಬಿಳಿ ಆಕಾಶ. ಸುತ್ತ ಕವರಾಲ್ ತೊಟ್ಟವರು, ಹೆಲ್ಮೆಟ್ ಹಾಕಿದವರು, ನೆರಳು ಹುಡುಕಿ ಕೂತವರು. ವಿಲ್ಸನ್ ಹೊರಗಿನಿಂದ ಬಾಗಿಲು ಬಡಿದ. ಒಳಗಿನಿಂದ ಉತ್ತರವಿಲ್ಲ. ಗುಲ್ ಖಾನ್ ತಗಡಿಗೆ ಕಿವಿಯಿಟ್ಟು ಬಿಸಿಗೆ ಸರ್ರನೆ ಹಿಂದೆ ತೆಗೆದ.

"ಅಂದರ್ ಕೋಯಿ ನಹೀ, ಮೇಡಂ," ಒಳಗೆ ಯಾರೂ ಇಲ್ಲ ಎಂದ. ಆದರೂ ಸೀಲ್ ಕತ್ತರಿಸಿದ. ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ಗಾಳಿ ಎನ್ನಲಾಗದು.

ಓಣಿಯಲ್ಲಿ ಯಾರೂ ಇರಲಿಲ್ಲ. ಕೊನೆಯ ಶೆಲ್ಫಿನ ಹತ್ತಿರ ಹರಡಿದ ರಟ್ಟು, ಅದರ ಪಕ್ಕ ಜೋಡಿಸಿಟ್ಟ ಒಂದು ಜೊತೆ ರಬ್ಬರ್ ಚಪ್ಪಲಿ. ತುದಿಗಳು ಗೋಡೆಯ ಕಡೆಗೆ, ಮನೆಯೊಳಗೆ ಬಂದವರು ಬಿಡುವ ಹಾಗೆ. ನಾವು ಮೂವರೂ ಹೋಗಿ ನೋಡಿದೆವು. ವಿಲ್ಸನ್ ಒಂದನ್ನು ಮುಟ್ಟಿ, "ಬಿಸಿ ಉಂಟು," ಎಂದ. ಅಲ್ಲಿ ಎಲ್ಲವೂ ಬಿಸಿಯಾಗಿತ್ತು. ಆಮೇಲೆ ಸಾಮಾನೆಲ್ಲ ಇಳಿಸಿದೆವು. ಟೆಂಟ್ ಬಿಚ್ಚಿದೆವು, ಮರೆಗೂಡುಗಳನ್ನು ಒಂದೊಂದಾಗಿ ಕೊಡವಿದೆವು. ಯಾರೂ ಇಲ್ಲ.

"ಭೂತ್ ಕಾ ಚಪ್ಪಲ್," ದೆವ್ವದ ಚಪ್ಪಲಿ ಎಂದು ಗುಲ್ ಖಾನ್ ನಕ್ಕ. ನಕ್ಕದ್ದು ಒಬ್ಬನೇ. ಹಡಗು ತಪ್ಪಿತು.

ಮರುದಿನ ಶೆಣೈ ಸರ್ ಆಫೀಸಿಗೆ ಬಂದು, "ನಿಮ್ಮ ಮೈನಾ ಹೇಗಿದೆ?" ಎಂದು ಕೇಳಿದ್ದು ಬಿಟ್ಟರೆ ಬೈಯಲಿಲ್ಲ. ಅವರು ಹೋದ ಮೇಲೆ ವಿಲ್ಸನ್ ಏಳನೇ ಟ್ರ್ಯಾಪನ್ನು ಮೇಜಿನ ಮೇಲಿಟ್ಟ. ಹೊಸ ಕಾರ್ಡ್ ಹಾಕುವಾಗಲೂ ಆಫ್ ಮಾಡಿರಲಿಲ್ಲ. ಕಾರ್ಡಿನಲ್ಲಿ ಒಂದೇ ಫ್ರೇಮ್. ಬಾಗಿಲು ತೆರೆದು ಹೊರಗಿನ ಗಾಳಿ ನುಗ್ಗಿದಾಗ ಸೆನ್ಸರ್‌ಗೆ ವ್ಯತ್ಯಾಸ ಸಿಕ್ಕಿತ್ತು.

ಮುಂದುಗಡೆ ನಾವು ಮೂವರು, ತಲೆ ಬಗ್ಗಿಸಿ ಚಪ್ಪಲಿ ನೋಡುತ್ತಿದ್ದೇವೆ. ನಮ್ಮ ಬೆನ್ನ ಹಿಂದೆ, ಬಾಗಿಲ ಬಳಿ ಒರಗಿಸಿದ್ದ ಮರೆಗೂಡುಗಳ ಪಕ್ಕ, ಹೊರಗಿನ ಬೆಳಕಿಗೆ ಒಂದು ಕಾಲಿಟ್ಟು ಕವರಾಲ್ ತೊಟ್ಟ ಮನುಷ್ಯ. ಬರಿಗಾಲು. ಮುಖ ಮಾತ್ರ ಹಿಂದಕ್ಕೆ ತಿರುಗಿದೆ, ನೇರ ಕ್ಯಾಮೆರಾದ ಕಡೆ. ನಾಲ್ವರಲ್ಲಿ ಅದನ್ನು ನೋಡುತ್ತಿದ್ದವನು ಅವನೊಬ್ಬನೇ.

ನಾನು ಬಗ್ಗಿರಲಿಲ್ಲ, ಬಾಗಿಲ ಕಡೆ ಮುಖ ಮಾಡಿಯೇ ನಿಂತಿದ್ದೆ ಎಂದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಫೋಟೋದಲ್ಲಿ ನನ್ನ ನೆತ್ತಿ ಕಾಣುತ್ತದೆ.

ಬಂದರಿಗೆ ಮತ್ತೆ ಹೋದೆವು. ಕವರಾಲ್ ತೊಟ್ಟವರು ನೂರಾರು. ಮುಖ ಗುರುತಿದೆಯಾ ಎಂದು ವಿಲ್ಸನ್ ಕೇಳಿದ. ಎಷ್ಟೋ ಫ್ರೇಮುಗಳಲ್ಲಿ ನೋಡಿದ್ದೆ. ಹಗಲಿನಲ್ಲಿ ಒಂದನ್ನೂ ಹೊಂದಿಸಲಾಗಲಿಲ್ಲ. ಚಪ್ಪಲಿಯನ್ನು ಯಾರ್ಡಿನ ಗೇಟಿನ ಬಳಿ ಇಟ್ಟೆವು. ಒಂದು ವಾರ ಇತ್ತು, ಆಮೇಲೆ ಇರಲಿಲ್ಲ. ಅವನೇ ಬಂದನೆಂದು ಬರೆದರೆ ಕಥೆ ಮುಗಿಯುತ್ತದೆ. ಆದರೆ ಅಲ್ಲಿ ರಬ್ಬರ್ ಚಪ್ಪಲಿ ಬೇಕಾದವರು ಬಹಳ ಮಂದಿ.

ಈಗ ಸೀಲ್ ಹಾಕುವ ಮೊದಲು ನಾನೇ ಕಂಟೇನರ್ ಹೊಕ್ಕು ಕೊನೆಯವರೆಗೆ ನಡೆದು, ಪ್ರತಿ ಮರೆಗೂಡನ್ನೂ ಕೈಯಿಂದ ಒತ್ತಿ ನೋಡಿ ಬರುತ್ತೇನೆ. ಹೊರಗೆ ವಿಲ್ಸನ್ ಸೀಲ್ ಹಿಡಿದು ನಿಂತು ಕೂಗುತ್ತಾನೆ, "ಯಾರಾದ್ರೂ ಉಂಟಾ ಮೇಡಂ?" ಮೊದಲ ವರ್ಷ ಅದು ತಮಾಷೆಯಾಗಿತ್ತು.

ಯಾರೂ ಇಲ್ಲ ಎಂದು ನಾನು ಹೇಳುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. "ನನಗೆ ಕಾಣಿಸ್ಲಿಲ್ಲ" ಎನ್ನುತ್ತೇನೆ. ಆಗ ವಿಲ್ಸನ್ ಸೀಲನ್ನು ಜೇಬಿಗೆ ಹಾಕಿಕೊಂಡು, ತಾನೂ ಒಮ್ಮೆ ಒಳಗೆ ಹೋಗಿ ಬರುತ್ತಾನೆ.