ಅರ್ಧ ವಾಕ್ಯಗಳ ಉಳಿದರ್ಧ

ಬೆಳಗಿನ ಐದೂಕಾಲು. ಶಾಸನಸಭೆಯ ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಕಬ್ಬಿಣದ ಮೇಜಿನ ಮೇಲೆ ನಿನ್ನೆಯ ಕಲಾಪದ ಕರಡು, ಶಾಯಿಯ ವಾಸನೆ ಇನ್ನೂ ಆರದ ನೂರಾ ಹದಿನಾಲ್ಕು ಪುಟ. ಪಕ್ಕದಲ್ಲಿ ಹೊಲಿಗೆ ಬಿಟ್ಟ ಧರ್ಮಗ್ರಂಥದ ಐದು ಪ್ರತಿಗಳು, ಒಂದೊಂದೂ ಒಂದೊಂದು ಅನುವಾದ. ದಪ್ಪ ಕನ್ನಡಕದ ಮಹಿಳೆಯೊಬ್ಬರು ನಲವತ್ತೊಂದನೇ ಪುಟದ ಮೇಲೆ ಬೆರಳಿಟ್ಟು ನಿಂತಿದ್ದಾರೆ. ಸದಸ್ಯರೊಬ್ಬರು ಭಾಷಣದ ನಡುವೆ 'ಯೇಸುವೇ ಹೇಳಿದ್ದಾನೆ' ಎಂದು ಒಂದು ಮಾತು ತಂದಿದ್ದಾರೆ. ಐದೂ ಪ್ರತಿ ಜಾಲಾಡಿದ್ದಾಯಿತು.

"ಇದು ಯೇಸು ಹೇಳಿದ್ದಲ್ಲ, ಇವರ ಅಜ್ಜಿ ಹೇಳಿರಬೇಕು," ಎನ್ನುತ್ತ ಅವರು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಾರೆ: ಗ್ರಂಥದಲ್ಲಿ ಸಿಗಲಿಲ್ಲ.

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವರು 'ವಾಕ್ಯದಕ್ಕ'. ಸೇವಾ ಪುಸ್ತಕದಲ್ಲಿ ಹುದ್ದೆ ಕರಡು ತಿದ್ದುವವರು. ಈ ಸದನದಲ್ಲಿ ಕ್ರೈಸ್ತ ಸದಸ್ಯರೇ ಹೆಚ್ಚು. ಮಸೂದೆ ರಸ್ತೆಯದಿರಲಿ, ಜೈಲಿನದಿರಲಿ, ಮಾತಿಗೊಂದು ಬೈಬಲ್ ವಾಕ್ಯ ಉದುರುತ್ತದೆ. ದಿನಕ್ಕೆ ಕಡಿಮೆಯೆಂದರೂ ಎಂಟು, ಚುನಾವಣೆ ಹತ್ತಿರ ಬಂದರೆ ಮೂವತ್ತು. ಅಧ್ಯಾಯ ಸರಿಯಿದೆಯೇ, ಮಾತು ಪೂರ್ತಿಯಿದೆಯೇ ಎಂದು ನೋಡಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಮುದ್ರಣಕ್ಕೆ ಕಳಿಸಬೇಕು. ಭಾಷಣದ ಅಕ್ಷರ ಮುಟ್ಟುವಂತಿಲ್ಲ. ತಪ್ಪಿದ್ದರೆ ಪುಟದ ಅಡಿಯಲ್ಲಿ ಷರಾ ಹಾಕಬಹುದು, ಅಷ್ಟೇ. ಮೂವತ್ತೊಂದು ವರ್ಷದಿಂದ ಇದೇ ಕೆಲಸ.

ತಂದೆ ಚರ್ಚಿನ ಗಂಟೆ ಹೊಡೆಯುತ್ತಿದ್ದವರು. ಓದು ಬಾರದ ಅವರಿಗೆ ಪ್ರತಿ ಸಂಜೆ ಒಂದು ಅಧ್ಯಾಯ ಓದಿ ಹೇಳುವುದು ಮಗಳ ಪಾಲಿಗೆ ಬಂದಿತ್ತು. "ನಡುವೆ ಹಾರಿಸಿದ್ರೆ ಅಪ್ಪನಿಗೆ ಗೊತ್ತಾಗಿಬಿಡ್ತಿತ್ತು. ಮತ್ತೆ ಮೊದಲಿಂದ ಓದು ಅಂತಿದ್ರು. ಆಗ ಸಿಟ್ಟು ಬರೋದು. ಆಮೇಲೆ ಅದೇ ನನಗೆ ಅನ್ನ ಹಾಕ್ತು."

ಯಾವ ವಾಕ್ಯ ಯಾರು ಯಾವುದಕ್ಕೆ ಬಳಸಿದರು ಎಂದು ಅವರು ರಟ್ಟಿನ ಚೀಟಿಗಳಲ್ಲಿ ಬರೆದಿಡುತ್ತಾರೆ. ಹನ್ನೊಂದು ಡಬ್ಬಿ ತುಂಬಿವೆ. ಅಧಿಕಾರದಲ್ಲಿರುವವರಿಗೆ ವಿಧೇಯರಾಗಿರಬೇಕೆಂಬ ವಾಕ್ಯಕ್ಕೆ ಎರಡು ಚೀಟಿಗಳ ಎರಡೂ ಬದಿ ತುಂಬಿ ಮೂರನೆಯದಕ್ಕೆ ಬಂದಿದೆ. "ಆಡಳಿತದಲ್ಲಿ ಇರೋವಷ್ಟು ದಿನ ಅದು ಇವರ ಬಾಯಲ್ಲಿ. ಸೋತ ಮಾರನೇ ದಿನ ಮರೆತೇ ಹೋಗುತ್ತೆ, ಗೆದ್ದವರು ಎತ್ಕೊಳ್ತಾರೆ. ಕುರ್ಚಿ ಜೊತೆ ವಾಕ್ಯಾನೂ ಸರಿಯುತ್ತೆ."

ಇಂಥ ಕೆಲಸದಲ್ಲಿ ಗದ್ದಲವೇನು ಬಂತು ಎನ್ನಿಸಬಹುದು. ಆದರೆ ಒಂಬತ್ತು ವರ್ಷದ ಹಿಂದೆ ನಿರ್ಗತಿಕರ ಆಶ್ರಯಧಾಮಗಳನ್ನು ಮುಚ್ಚುವ ಮಸೂದೆ ಬಂತು. ಹಿರಿಯ ಮಂತ್ರಿಯೊಬ್ಬರು ಎದ್ದು, ಬಡವರು ಯಾವಾಗಲೂ ನಿಮ್ಮ ಜೊತೆ ಇದ್ದೇ ಇರುತ್ತಾರೆಂದು ಗ್ರಂಥವೇ ಹೇಳಿದೆ, ಸರ್ಕಾರ ಬಡತನ ನೀಗಿಸುತ್ತದೆಂಬುದು ಭ್ರಮೆ ಎಂದರು. ಬೆಂಚು ಬಡಿದ ಸದ್ದು ಕರಡಿನಲ್ಲೂ ದಾಖಲಾಯಿತು. ವಾಕ್ಯದಕ್ಕ ಅಡಿಯಲ್ಲಿ ಷರಾ ಹಾಕಿದರು: ವಾಕ್ಯ ಇಲ್ಲಿಗೆ ಮುಗಿಯುವುದಿಲ್ಲ, ನಿಮಗೆ ಮನಸ್ಸಾದಾಗ ಅವರಿಗೆ ಒಳ್ಳೆಯದು ಮಾಡಬಹುದು ಎಂದು ಮುಂದುವರಿಯುತ್ತದೆ.

ಮಧ್ಯಾಹ್ನವೇ ಕರೆ ಬಂತು.

"ಏನಮ್ಮಾ, ನನಗೇ ಧರ್ಮ ಹೇಳಿಕೊಡ್ತೀಯಾ?" ಎಂದರು ಮಂತ್ರಿ.

"ಇಲ್ಲ ಸರ್. ಅಲ್ಲಿ ಪೂರ್ಣವಿರಾಮ ಇರಲಿಲ್ಲ."

"ಆ ಷರಾ ತೆಗೆದುಹಾಕು."

"ಆಗಲಿ ಸರ್. ತೆಗೆಯೋಕೆ ಬರೆದು ಕೊಡಿ, ಆ ಕಾಗದಾನೂ ಕಡತಕ್ಕೆ ಸೇರಿಸ್ತೀನಿ."

ಮಂತ್ರಿ ಬರೆದುಕೊಡಲಿಲ್ಲ. ಷರಾ ಉಳಿಯಿತು, ವಾಕ್ಯದಕ್ಕ ಉಳಿಯಲಿಲ್ಲ. ವಾರದೊಳಗೆ ಅವರನ್ನು ನೆಲಮಾಳಿಗೆಯ ಹಳೇ ಕಡತಗಳ ಉಗ್ರಾಣಕ್ಕೆ ಹಾಕಿದರು. ಧೂಳಿಗೆ ಕೆಮ್ಮು ಹತ್ತಿತು. ಮಸೂದೆಯೂ ಪಾಸಾಯಿತು. "ಷರಾದಿಂದ ಆಶ್ರಯಧಾಮದ ಒಂದು ಹಾಸಿಗೆನಾದ್ರೂ ಉಳೀತಾ ಅಂತ ಕೇಳಿದ್ರೆ, ಇಲ್ಲ. ಸುಳ್ಳು ಯಾಕೆ ಹೇಳಲಿ?"

ಹನ್ನೊಂದು ತಿಂಗಳ ಮೇಲೆ ಅವರನ್ನು ಮರಳಿ ಕರೆಸಿದ್ದು ಪಶ್ಚಾತ್ತಾಪದಿಂದಲ್ಲ. ಅವರ ಜಾಗದಲ್ಲಿದ್ದವರು ಯಾರದೋ ಸ್ವಂತ ಮಾತನ್ನು ದೇವವಾಕ್ಯವೆಂದು ಅಚ್ಚು ಹಾಕಿಸಿ, ಸಭಾಧ್ಯಕ್ಷರು ಸದನದಲ್ಲಿ ಮುಜುಗರಪಡುವಂತಾಗಿತ್ತು. ಬಂದ ವಾರವೇ ವಾಕ್ಯದಕ್ಕ ಇನ್ನೊಂದು ಷರಾ ಹಾಕಿದರು. ಈ ಸಲ ಆಶ್ರಯಧಾಮಗಳ ಪರ ಹೋರಾಡಿದ್ದ ಸದಸ್ಯೆಯ ಭಾಷಣಕ್ಕೆ. "ಆಯಮ್ಮನ್ನ ಕಂಡ್ರೆ ನನಗೆ ಗೌರವ. ಆದ್ರೆ ಅವರೂ ಅರ್ಧ ನುಂಗಿದ್ರು. ಒಳ್ಳೆಯವರು ನುಂಗಿದ್ರೂ ನುಂಗಿದ್ದೇ ತಾನೇ?"

ಈ ನಿಷ್ಠುರತೆ ಮನೆಯಲ್ಲಿ ಮಾತ್ರ ಒಮ್ಮೆ ಕೈಕೊಟ್ಟಿತು. ಮಗಳು ಶಿಕ್ಷಕಿ ತರಬೇತಿ ಬಿಟ್ಟು ಅಗ್ನಿಶಾಮಕ ದಳ ಸೇರುತ್ತೇನೆಂದು ಹಟ ಹಿಡಿದಳು. ಬೆಂಕಿಯ ಹೆಸರು ಕೇಳಿಯೇ ಹೆದರಿದ ತಾಯಿ ಊಟದ ಮೇಜಿನಲ್ಲಿ ಗ್ರಂಥ ತೆರೆದು, ಮಕ್ಕಳು ತಂದೆತಾಯಿಯ ಮಾತಿಗೆ ವಿಧೇಯರಾಗಬೇಕೆಂಬ ಸಾಲು ಓದಿದರು. ಮಗಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು, "ಅಮ್ಮಾ, ಮೂರು ಸಾಲು ಕೆಳಗೆ ಓದು," ಎಂದಳು. ಹೆತ್ತವರು ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬಾರದೆಂದು ಅಲ್ಲಿತ್ತು.

"ಮುಖ ಎಲ್ಲಿಟ್ಕೊಳ್ಳಲಿ ಹೇಳಿ? ಅಷ್ಟು ವರ್ಷ ಊರಿನವರ ತಪ್ಪು ಹಿಡಿದವಳು ನಾನು. ಭಯ ಆದಾಗ ನಾನೂ ನನಗೆ ಬೇಕಾದ ಸಾಲನ್ನೇ ಹುಡುಕಿದ್ದೆ. ಮಂತ್ರಿಗೂ ಏನೋ ಭಯ ಇತ್ತೇನೋ ಅನ್ನಿಸ್ತು ಅವತ್ತು." ಮಗಳೀಗ ದಳದಲ್ಲಿ ನಾಲ್ಕನೇ ವರ್ಷದಲ್ಲಿದ್ದಾಳೆ. ಸೈರನ್ ಕೇಳಿದಾಗೆಲ್ಲ ತಾಯಿ ಇಂದಿಗೂ ಪೆನ್ನು ಕೆಳಗಿಟ್ಟು ಅದು ದೂರವಾಗುವವರೆಗೆ ಕಾಯುತ್ತಾರೆ.

ಬರುವ ಮಾರ್ಚಿಗೆ ನಿವೃತ್ತಿ. ಬೀಳ್ಕೊಡುಗೆ, ಹಾರತುರಾಯಿ ಯಾವುದೂ ಬೇಡವಂತೆ. ಮುಂದೆ ಬರುವವರಿಗೆ ಕಿಟಕಿಯಿರುವ ಕೋಣೆ ಕೊಟ್ಟರೆ ಸಾಕಂತೆ, ಸಣ್ಣಕ್ಷರಕ್ಕೆ ಬೆಳಕು ಬೇಕಲ್ಲ.

ಕಳೆದ ತಿಂಗಳು ಹೊಸ ಸದಸ್ಯರೊಬ್ಬರು ತಾವಾಗಿಯೇ ಇವರ ಕೋಣೆಗೆ ಬಂದರು. ಸಂಜೆಯ ಚರ್ಚೆಗೆ ಎದುರಾಳಿಯ ಬಾಯಿ ಮುಚ್ಚಿಸುವಂಥ ಒಂದು ವಾಕ್ಯ ಹುಡುಕಿಕೊಡಿ ಎಂದರು. ವಾಕ್ಯದಕ್ಕ ಅಧ್ಯಾಯ ತೆಗೆದು, ಕುರ್ಚಿ ಎಳೆದು ಕೂರಿಸಿ, ಪೂರ್ತಿ ಓದಿ ಎಂದರು. ಅವರು ಇಪ್ಪತ್ತು ನಿಮಿಷ ಓದಿದರು, ಪುಸ್ತಕ ಮುಚ್ಚಿ, ನಮಸ್ಕಾರ ಹೇಳಿ ಹೋದರು.

"ಸಂಜೆ ಅವರು ಮಾತಾಡೋಕೆ ಏಳಲೇ ಇಲ್ಲ," ಎನ್ನುತ್ತ ವಾಕ್ಯದಕ್ಕ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಮರುದಿನ ಕರಡು ನಾಲ್ಕು ಪುಟ ಕಡಿಮೆ."